ಅರ್ಜಿಯಲ್ಲಿ ಮಕ್ಕಳು ಕಾಣಲಿ

ಏಪ್ರಿಲ್ ಕಳೆದು ಮೇ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಜಾಹೀರಾತು ಹೆಚ್ಚಾಗುತ್ತದೆ. ‘ಶಿಕ್ಷಕರು ಬೇಕಾಗಿದ್ದಾರೆ.’ ಕೆಳಗೆ ವಿಷಯಗಳ ಪಟ್ಟಿ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ. ವಿದ್ಯಾರ್ಹತೆ ಡಿ.ಎಡ್. ಅಥವಾ ಬಿ.ಎಡ್. ಕೊನೆಗೊಂದು ಸಾಲು: ಆಸಕ್ತರು ಸ್ವವಿವರದೊಂದಿಗೆ ಅರ್ಜಿ ಸಲ್ಲಿಸಬಹುದು. ಜೂನ್ ಹೊತ್ತಿಗೆ ತರಗತಿಗಳು ಶುರುವಾಗುತ್ತವೆ. ಅಷ್ಟರೊಳಗೆ ಆ ಜಾಗಗಳು ತುಂಬಬೇಕು.

ಇವತ್ತು ನಾನು ಮಾತನಾಡುವುದು ಆ ಅರ್ಜಿಯ ಬಗ್ಗೆ. ಅಂಕಪಟ್ಟಿಗಳ ಕಂತೆಯ ಮೇಲೆ ಪಿನ್ ಮಾಡಿ ಇಡುತ್ತೀರಲ್ಲ, ಆ ಒಂದು ಪುಟದ ಪತ್ರದ ಬಗ್ಗೆ. ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ಇಂಥ ಪತ್ರಗಳನ್ನು ಓದಿದ ಅನುಭವದಿಂದ ಹೇಳುತ್ತೇನೆ. ಹೇಳಬೇಕಾದ್ದು ಒಂದೇ ವಿಷಯ. ಶಿಕ್ಷಕರಾಗಬೇಕೆನ್ನುವವರು ಬರೆದ ಪತ್ರದಲ್ಲಿ ಮಕ್ಕಳು ಕಾಣಬೇಕು. ಹೆಚ್ಚಿನ ಪತ್ರಗಳಲ್ಲಿ ಅವರೇ ಇರುವುದಿಲ್ಲ.

ಮೊದಲು, ಈ ಪತ್ರ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಸ್ಪಷ್ಟವಾಗಲಿ. ಸರ್ಕಾರಿ ಶಾಲೆಯ ಕಾಯಂ ಹುದ್ದೆಗೆ ಇದು ಬೇಡ. ಅಲ್ಲಿ ಆನ್‌ಲೈನ್ ಅರ್ಜಿ, ಸ್ಪರ್ಧಾತ್ಮಕ ಪರೀಕ್ಷೆ, ಅಂಕ, ಮೀಸಲಾತಿ, ದಾಖಲೆ ಪರಿಶೀಲನೆ. 2022ರಲ್ಲಿ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗಲೂ ನಡೆದದ್ದು ಹೀಗೆಯೇ. ಆದರೆ ಅಂಥ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಕಾಯುವ ವರ್ಷಗಳಲ್ಲಿ ನಮ್ಮ ಯುವಕ ಯುವತಿಯರು ಪಾಠ ಮಾಡುವುದು ಖಾಸಗಿ ಶಾಲೆಗಳಲ್ಲಿ, ಪದವಿಪೂರ್ವ ಕಾಲೇಜುಗಳಲ್ಲಿ, ವಸತಿ ಶಾಲೆಗಳಲ್ಲಿ. ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕರಾಗಿ ಹೋಗುವವರೂ ಬಹಳ. ಅತಿಥಿ ಶಿಕ್ಷಕರ ಆಯ್ಕೆಯಲ್ಲಿ ಅಂಕಕ್ಕೇ ತೂಕ ಹೆಚ್ಚು, ನಿಜ. ಆದರೂ ಅರ್ಜಿ ಹೋಗಿ ಕೂರುವುದು ಆ ಶಾಲೆಯ ಹೆಡ್‌ಮಾಸ್ಟರ ಮೇಜಿನ ಮೇಲೆ. ಇನ್ನು ಖಾಸಗಿ ಶಾಲೆಯಲ್ಲಂತೂ ಪತ್ರ ಓದಿಯೇ ಕರೆಯುತ್ತಾರೆ, ಇಲ್ಲವೇ ಬಿಡುತ್ತಾರೆ.

ಹಾಗಾದರೆ ಅಲ್ಲಿಗೆ ಎಂಥ ಪತ್ರಗಳು ಬರುತ್ತವೆ? ನಿಮಗೂ ಗೊತ್ತಿರುವ ನಮೂನೆಯೇ. ‘ಇವರಿಗೆ’, ‘ಇಂದ’, ‘ವಿಷಯ’. ಆಮೇಲೆ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’. ಆಮೇಲೆ, ‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಇರುವುದಾಗಿ ತಿಳಿದುಬಂದಿದ್ದು’. ನಂತರ ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗಿನ ಅಂಕಗಳು. ಕೊನೆಗೆ, ‘ಸೇವೆ ಸಲ್ಲಿಸಲು ಅವಕಾಶ ಮಾಡಿಕೊಡಬೇಕಾಗಿ ಕೋರುತ್ತೇನೆ’. ಮುಗಿಯಿತು.

ಈ ಚೌಕಟ್ಟನ್ನು ನಾನು ಹಳಿಯುವುದಿಲ್ಲ. ವಿಳಾಸ, ದಿನಾಂಕ, ವಿಷಯ, ಅಡಕಗಳ ಪಟ್ಟಿ, ಸಹಿ, ಇವೆಲ್ಲ ಇರಲೇಬೇಕು. ತೊಂದರೆ ಇರುವುದು ನಡುವಿನ ಭಾಗದಲ್ಲಿ. ಅಂಕಗಳೆಲ್ಲ ಬಯೋಡೇಟಾದಲ್ಲಿ ಆಗಲೇ ಇವೆ. ಪತ್ರದಲ್ಲಿ ಅವನ್ನೇ ಮತ್ತೆ ಬರೆದರೆ ಓದುವವರಿಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಹೆಸರು ಅಳಿಸಿ ಇನ್ನೊಬ್ಬರ ಹೆಸರು ಬರೆದರೂ ಆ ಪತ್ರ ನಡೆಯುತ್ತದೆ. ಶಾಲೆಯ ಹೆಸರು ಬದಲಿಸಿದರೂ ನಡೆಯುತ್ತದೆ. ‘ಗುಮಾಸ್ತರ ಹುದ್ದೆ’ ಎಂದು ತಿದ್ದಿದರೂ ನಡೆಯುತ್ತದೆ. ಒಬ್ಬ ಶಿಕ್ಷಕಿಯ ಪತ್ರ ಹಾಗಿರಬಾರದು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಖಾಸಗಿ ಶಾಲೆಗೆ, ಅತಿಥಿ ಶಿಕ್ಷಕರ ಜಾಗಕ್ಕೆ ಪತ್ರ ಮುಖ್ಯ. ಅದರ ಚೌಕಟ್ಟು ಹಳೆಯದಾದರೂ ಸರಿಯೇ. ಒಳಗಿನ ಮಾತು ಮಾತ್ರ ನಿಮ್ಮದಾಗಿರಬೇಕು. ಈಗ ಆ ಒಳಗಿನ ಮಾತಿಗೆ ಬರೋಣ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ರೇಡಿಯೊ ಪಕ್ಕದಲ್ಲಿ ಕಾಗದ ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೆ ಮನಸ್ಸಿನಲ್ಲೇ ಮಾಡಿ. 302ರಲ್ಲಿ 178 ಕಳೆಯಬೇಕು. ಸರಿಯಾದ ಉತ್ತರ 124. ಆದರೆ ನಾಲ್ಕನೇ ತರಗತಿಯಲ್ಲಿ ಈ ಲೆಕ್ಕ ಕೊಟ್ಟು ನೋಡಿ. ಹಲವು ಮಕ್ಕಳು 276 ಎಂದು ಬರೆದಿರುತ್ತಾರೆ. ಯಾಕೆ? ಬಿಡಿ ಸ್ಥಾನದಲ್ಲಿ ಮೇಲೆ ಎರಡು, ಕೆಳಗೆ ಎಂಟು. ಎರಡರಲ್ಲಿ ಎಂಟು ಹೋಗುವುದಿಲ್ಲ. ಮಗು ಅದನ್ನು ತಿರುಗಿಸಿ ಎಂಟರಲ್ಲಿ ಎರಡು ಕಳೆಯುತ್ತದೆ. ಉಳಿದದ್ದು ಆರು. ಹತ್ತರ ಸ್ಥಾನದಲ್ಲಿ ಮೇಲೆ ಸೊನ್ನೆ, ಕೆಳಗೆ ಏಳು. ಅಲ್ಲೂ ತಿರುಗಿಸಿ ಏಳು ಎಂದು ಬರೆಯುತ್ತದೆ. ನೂರರ ಸ್ಥಾನದಲ್ಲಿ ಮೂರರಲ್ಲಿ ಒಂದು ಹೋದರೆ ಎರಡು. ಒಟ್ಟು 276.

ಆ ಮಗುವಿಗೆ ಕಳೆಯುವುದು ಬರುವುದಿಲ್ಲ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಒಂದು ನಿಯಮ ಇಟ್ಟುಕೊಂಡು ಲೆಕ್ಕ ಮಾಡಿದೆ. ದೊಡ್ಡ ಅಂಕಿಯಲ್ಲಿ ಸಣ್ಣ ಅಂಕಿ ಕಳೆಯಬೇಕು ಎಂಬ ನಿಯಮ. ಆ ನಿಯಮ ಎಲ್ಲಿಂದ ಬಂತು, ಅದನ್ನು ಹೇಗೆ ಬಿಡಿಸಬೇಕು ಎಂದು ಯೋಚಿಸುವವರೇ ಶಿಕ್ಷಕರು. ಅಂಥ ಯೋಚನೆ ನಿಮ್ಮಲ್ಲಿ ಇದೆ ಎಂಬುದು ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ. ಪತ್ರದಲ್ಲಿ ಬರಬಹುದು.

ಹೇಗೆ ಬರಬಹುದು? ಒಂದು ಮಾದರಿ ಓದುತ್ತೇನೆ. ಇದು ಯಾರದೋ ಪತ್ರವಲ್ಲ, ನಿಮಗೆ ತೋರಿಸಲೆಂದು ನಾನೇ ಬರೆದದ್ದು. ಡಿ.ಎಲ್.ಎಡ್., ಅಂದರೆ ಹಿಂದಿನ ಡಿ.ಎಡ್., ಈಗಷ್ಟೇ ಮುಗಿಸಿದ ಒಬ್ಬ ಹುಡುಗಿ ಬರೆದಳು ಅಂದುಕೊಳ್ಳಿ.

‘ಮಾನ್ಯರೇ, ತಮ್ಮ ಶಾಲೆಯ ಕಿರಿಯ ಪ್ರಾಥಮಿಕ ತರಗತಿಗಳ ಗಣಿತ ಶಿಕ್ಷಕಿಯ ಹುದ್ದೆಗೆ ಈ ಅರ್ಜಿ ಸಲ್ಲಿಸುತ್ತಿದ್ದೇನೆ. ಡಿ.ಎಲ್.ಎಡ್. ಮುಗಿಸಿದ್ದೇನೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ಒಂದನೇ ಪತ್ರಿಕೆಯಲ್ಲಿ ತೇರ್ಗಡೆಯಾಗಿದ್ದೇನೆ. ಇಂಟರ್ನ್‌ಶಿಪ್ ಸಮಯದಲ್ಲಿ ನಾಲ್ಕನೇ ತರಗತಿಗೆ ವ್ಯವಕಲನ ಕಲಿಸಿದೆ. ಅರ್ಧದಷ್ಟು ಮಕ್ಕಳು 302ರಲ್ಲಿ 178 ಕಳೆದು 276 ಎಂದು ಬರೆದರು. ಮೇಲಿನ ಸೊನ್ನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಅಂಕಿಗಳನ್ನು ತಿರುಗಿಸಿಕೊಂಡಿದ್ದರು. ಮರುದಿನ ಕಡ್ಡಿಗಳನ್ನು ಹತ್ತರ ಕಟ್ಟು, ನೂರರ ಕಟ್ಟು ಮಾಡಿಕೊಂಡು ಹೋದೆ. ನೂರರ ಕಟ್ಟು ಬಿಚ್ಚಿದರೆ ಹತ್ತರ ಹತ್ತು ಕಟ್ಟು. ಅದರಲ್ಲೊಂದನ್ನು ಬಿಚ್ಚಿದರೆ ಹತ್ತು ಬಿಡಿ ಕಡ್ಡಿ. ಬಿಚ್ಚುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ. ವಾರದ ಕೊನೆಗೆ ಹೆಚ್ಚಿನವರು ಕಡ್ಡಿ ಇಲ್ಲದೆಯೇ ಮಾಡಿದರು. ಮೂರು ಮಕ್ಕಳಿಗೆ ಬರಲಿಲ್ಲ. ಅವರಿಗೆ ಎರಡಂಕಿಯ ಲೆಕ್ಕದಲ್ಲೇ ಇನ್ನಷ್ಟು ದಿನ ಬೇಕಿತ್ತು.’

ಕೇಳಿದಿರಲ್ಲ. ದೊಡ್ಡ ಪದ ಒಂದೂ ಇಲ್ಲ. ‘ಮಕ್ಕಳೆಂದರೆ ನನಗೆ ಪ್ರಾಣ’ ಎಂದಿಲ್ಲ. ‘ಶಿಕ್ಷಕ ವೃತ್ತಿ ಪವಿತ್ರವಾದದ್ದು’ ಎಂದೂ ಇಲ್ಲ. ಆದರೆ ಓದಿದ ಹೆಡ್‌ಮಾಸ್ಟರಿಗೆ ಒಂದು ತರಗತಿ ಕಂಡಿತು. ಆ ಹುಡುಗಿ ಮಕ್ಕಳ ಪುಸ್ತಕ ತೆರೆದು ನೋಡುತ್ತಾಳೆ ಎಂದು ತಿಳಿಯಿತು. ತಪ್ಪಿನ ಕಾರಣ ಹುಡುಕುತ್ತಾಳೆ, ಮನೆಗೆ ಹೋಗಿ ಮರುದಿನಕ್ಕೆ ತಯಾರಾಗುತ್ತಾಳೆ ಎಂದು ತಿಳಿಯಿತು. ಎಲ್ಲಕ್ಕಿಂತ ನನಗೆ ಹಿಡಿಸುವುದು ಕೊನೆಯ ಮಾತು. ಮೂರು ಮಕ್ಕಳಿಗೆ ಬರಲಿಲ್ಲ ಎಂದು ಅವಳು ಬರೆದಿದ್ದಾಳೆ. ಯಾರಿಗೆ ಬರಲಿಲ್ಲ ಎಂಬುದನ್ನು ಲೆಕ್ಕ ಇಟ್ಟಿದ್ದಾಳೆ. ಎಲ್ಲ ಮಕ್ಕಳೂ ಶೇಕಡಾ ನೂರು ಕಲಿತರು ಎಂದು ಬರೆದವರ ಬಗ್ಗೆ ಅನುಭವಸ್ಥರಿಗೆ ಅನುಮಾನ ಬರುತ್ತದೆ. ಮೂರು ಮಕ್ಕಳನ್ನು ನೆನಪಿಟ್ಟುಕೊಂಡವಳ ಬಗ್ಗೆ ನಂಬಿಕೆ ಹುಟ್ಟುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕೇಳುಗರಲ್ಲಿ ಹಲವರು ಈಗಾಗಲೇ ಮನಸ್ಸಿನಲ್ಲಿ ಕೇಳಿಕೊಂಡಿರಬಹುದು. ‘ನಾನು ಹೊಸಬ. ನನಗೆ ಅನುಭವ ಎಲ್ಲಿದೆ?’ ಇದೆ. ಬಿ.ಎಡ್. ಎರಡು ವರ್ಷದ ಕೋರ್ಸಾದದ್ದು 2015ರಿಂದ. ಅದರೊಳಗೆ ಸುಮಾರು 20 ವಾರ ಶಾಲೆಯಲ್ಲಿ ಇರಬೇಕೆಂಬ ನಿಯಮ ಬಂತು. ಡಿ.ಎಲ್.ಎಡ್.ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತು ವಾರವೆಂದರೆ ಐದು ತಿಂಗಳ ಹತ್ತಿರ ಬಂತು. ಅಷ್ಟು ದಿನ ಮಕ್ಕಳ ಎದುರು ನಿಂತವರು ‘ಅನುಭವ: ಇಲ್ಲ’ ಎಂದು ಬರೆಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ದಿನಗಳ ಪಾಠಯೋಜನೆ ಪುಸ್ತಕ ನಿಮ್ಮ ಟ್ರಂಕಿನಲ್ಲೋ ಅಟ್ಟದ ಮೇಲೋ ಇದ್ದೇ ಇರುತ್ತದೆ. ಅದನ್ನು ಕೆಳಗಿಳಿಸಿ. ಯಾವ ಪಾಠ ಕೆಟ್ಟಿತು, ಯಾವ ಪಾಠ ಕೈಹಿಡಿಯಿತು, ಮಾರ್ಗದರ್ಶಕ ಶಿಕ್ಷಕರು ಅಂಚಿನಲ್ಲಿ ಏನು ಬರೆದರು, ನೋಡಿ. ನಿಮ್ಮ ಪತ್ರಕ್ಕೆ ಬೇಕಾದದ್ದು ಅದರಲ್ಲೇ ಸಿಗುತ್ತದೆ. ಊರಿನಲ್ಲಿ ಟ್ಯೂಷನ್ ಹೇಳಿದ್ದೀರಾ? ಬೇಸಿಗೆ ಶಿಬಿರದಲ್ಲಿ ಹಾಡು, ನಾಟಕ ಕಲಿಸಿದ್ದೀರಾ? ಅದೂ ಅನುಭವವೇ.

ಗಣಿತದ ಉದಾಹರಣೆಯನ್ನೇ ಎಲ್ಲರೂ ಬರೆಯಬೇಕಿಲ್ಲ. ಕನ್ನಡ ಶಿಕ್ಷಕರು ಸಂಧಿಯ ಪಾಠ ನೆನೆಸಿಕೊಳ್ಳಲಿ. ‘ಮನೆ’ಗೆ ‘ಅನ್ನು’ ಸೇರಿದರೆ ‘ಮನೆಯನ್ನು’. ‘ಮಗು’ವಿಗೆ ‘ಅನ್ನು’ ಸೇರಿದರೆ ‘ಮಗುವನ್ನು’. ಯಕಾರ, ವಕಾರ ಎಂಬ ಹೆಸರು ಕೇಳಿದ ಕೂಡಲೇ ಮಕ್ಕಳು ಹೆದರುತ್ತಾರೆ. ಆದರೆ ದಿನವಿಡೀ ಅವರು ಆಡುವ ಮಾತಿನಲ್ಲಿ ಆ ಸಂಧಿ ಇದ್ದೇ ಇದೆ. ಅವರ ಬಾಯಿಂದಲೇ ಪದ ಬರಿಸಿ, ಹಲಗೆಯ ಮೇಲೆ ಎರಡು ಸಾಲು ಮಾಡಿ, ಕೊನೆಗೆ ಹೆಸರು ಹೇಳಿದೆ ಎಂದು ಒಬ್ಬರು ಬರೆದರೆ ಸಾಕು. ವಿಜ್ಞಾನದವರಿಗೆ, ಸಮಾಜದವರಿಗೆ ಇಂಥವು ಇನ್ನೂ ಹೇರಳ.

ಮತ್ತೆ ನೆನಪಿಸುತ್ತೇನೆ. ಪತ್ರದ ನಡುವೆ ನೀವು ಕಲಿಸಿದ ಒಂದು ಪಾಠ ಇರಲಿ. ಮಕ್ಕಳು ಎಲ್ಲಿ ಎಡವಿದರು, ನೀವು ಏನು ಮಾಡಿದಿರಿ, ಏನಾಯಿತು. ಹೊಸಬರಿಗೆ ಇಂಟರ್ನ್‌ಶಿಪ್ಪೇ ಆಧಾರ. ಇನ್ನು ಎರಡನೆಯ ವಿಷಯ. ಇದುವರೆಗೆ ಹೇಳಿದ್ದು ನೀವು ಕಂಡ ಮಕ್ಕಳ ಬಗ್ಗೆ. ಈಗ ಹೇಳುವುದು ನೀವು ಮುಂದೆ ಕಲಿಸಬೇಕಾದ ಮಕ್ಕಳ ಬಗ್ಗೆ.

ಅರ್ಜಿ ಹಾಕುವ ಶಾಲೆಯ ಮಕ್ಕಳು ಯಾರು? ಇದನ್ನು ತಿಳಿದುಕೊಳ್ಳದೆ ಬರೆಯಬೇಡಿ. ಕೋಲಾರ, ಪಾವಗಡದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಮಂಗಳೂರಿನ ಸುತ್ತ ತುಳು, ಬ್ಯಾರಿ, ಕೊಂಕಣಿ. ಬೆಳಗಾವಿ ಗಡಿಯಲ್ಲಿ ಮರಾಠಿ. ತಾಂಡಾದ ಮಕ್ಕಳು ಮನೆಯಲ್ಲಿ ಆಡುವುದು ಲಂಬಾಣಿ. ಬೆಂಗಳೂರಿನ ಒಂದೇ ತರಗತಿಯಲ್ಲಿ ಐದಾರು ಮನೆಮಾತು ಇರಬಹುದು. ಮೊದಲ ದಿನ ನೀವು ‘ಪುಸ್ತಕ ತೆಗೆಯಿರಿ’ ಎಂದಾಗ ಕೈಗಳು ತಕ್ಷಣ ಆಡದಿರುವುದು ಇದೇ ಕಾರಣಕ್ಕೆ ಇರಬಹುದು. ಅಂಥ ಊರಿನ ಶಾಲೆಗೆ ಬರೆಯುವಾಗ ಒಂದು ಸಾಲು ಸೇರಿಸಿ. ‘ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡ ಓದು ಕಲಿಸಿದ್ದೇನೆ’ ಎಂದೋ, ‘ತುಳು ನನಗೆ ಅರ್ಥವಾಗುತ್ತದೆ, ಮಾತಾಡಲು ಕಲಿಯುತ್ತಿದ್ದೇನೆ’ ಎಂದೋ. ನಿಜವಾಗಿದ್ದರೆ ಮಾತ್ರ. ಆ ಒಂದು ಸಾಲು ಇನ್ನೊಬ್ಬರ ಪತ್ರದಲ್ಲಿ ಇರುವುದಿಲ್ಲ.

ಸಣ್ಣ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕರಾಗಿ ಹೋಗುವವರು ಇನ್ನೊಂದು ವಿಷಯ ನೋಡಬೇಕು. ಒಂದರಿಂದ ಮೂರನೇ ತರಗತಿಯ ಮಕ್ಕಳು ಅಲ್ಲಿ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ, ಮುಂದೆ ರಾಜ್ಯದ ಎಲ್ಲೆಡೆ ಹರಡಿತು. ಕಾರ್ಡುಗಳು, ಕಲಿಕಾ ಏಣಿ, ಗುಂಪುಗಳು. ಪ್ರತಿ ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ನೀವು ನಲಿ-ಕಲಿ ಕೋಣೆಯಲ್ಲಿ ಒಂದು ವಾರ ಕೂತು ನೋಡಿದ್ದರೂ ಅದನ್ನು ಬರೆಯಿರಿ. ನೋಡಿಲ್ಲವೇ? ಹತ್ತಿರದ ಶಾಲೆಗೆ ಹೋಗಿ, ಹೆಡ್‌ಮೇಡಮ್ಮನವರನ್ನು ಕೇಳಿ ನೋಡಿ ಬನ್ನಿ. ಬೇಡವೆನ್ನುವವರು ಕಡಿಮೆ.

ಖಾಸಗಿ ಶಾಲೆಯಾದರೆ ಗೇಟಿನವರೆಗೆ ಹೋಗಿ ಬನ್ನಿ. ಎಷ್ಟನೇ ತರಗತಿವರೆಗೆ ಇದೆ, ಯಾವ ಮಾಧ್ಯಮ, ರಾಜ್ಯ ಪಠ್ಯಕ್ರಮವೋ ಸಿಬಿಎಸ್‌ಇಯೋ, ವಿಚಾರಿಸಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಹೋದರೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೇ ಎಲ್ಲ ಹೇಳುತ್ತಾರೆ. ಹತ್ತನೇ ತರಗತಿಯೇ ಇಲ್ಲದ ಶಾಲೆಗೆ ‘ಎಸ್ಸೆಸ್ಸೆಲ್ಸಿ ಫಲಿತಾಂಶ ಉತ್ತಮಪಡಿಸುತ್ತೇನೆ’ ಎಂದು ಬರೆದ ಅರ್ಜಿಗಳು ಬರುತ್ತವೆ. ಅವು ಪಕ್ಕಕ್ಕೆ ಹೋಗುತ್ತವೆ.

ಎರಡು ವಿಷಯ ಆಯಿತು. ಕಲಿಸಿದ ಮಕ್ಕಳ ಬಗ್ಗೆ ಬರೆಯಿರಿ. ಕಲಿಸಬೇಕಾದ ಮಕ್ಕಳನ್ನು ತಿಳಿದು ಬರೆಯಿರಿ. ಇನ್ನು ಪತ್ರದಲ್ಲಿ ಬೇಡವಾದದ್ದು ಏನು ಎಂಬುದಕ್ಕೆ ಬರುತ್ತೇನೆ.

ಬಡತನವನ್ನು ಮುಂದಿಟ್ಟು ಕೆಲಸ ಕೇಳಬೇಡಿ. ಇದನ್ನು ನೋವಿನಿಂದಲೇ ಹೇಳುತ್ತೇನೆ. ‘ನಾನು ತುಂಬಾ ಬಡ ಕುಟುಂಬದಿಂದ ಬಂದಿದ್ದು, ಮನೆಯ ಜವಾಬ್ದಾರಿ ನನ್ನ ಮೇಲಿದ್ದು’ ಎಂಬ ಸಾಲು ಎಷ್ಟೋ ಪತ್ರಗಳಲ್ಲಿದೆ. ಅದು ಸುಳ್ಳಲ್ಲ. ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನೀವು ಎರಡು ವರ್ಷ ತರಬೇತಿ ಪಡೆದವರು. ಶಾಲೆಗೆ ನಿಮ್ಮ ಅಗತ್ಯವಿದೆ. ಬೇಡಿಕೊಂಡು ಬಂದವರಿಗೆ ಕಡಿಮೆ ಸಂಬಳ ಕೊಟ್ಟರೂ ನಡೆಯುತ್ತದೆ ಎಂದು ಲೆಕ್ಕ ಹಾಕುವ ಆಡಳಿತ ಮಂಡಳಿಗಳೂ ಇವೆ. ಅವರ ಕೈಗೆ ನೀವೇ ಆ ಅವಕಾಶ ಕೊಡಬೇಡಿ.

ನಡುವೆ ಕೆಲವು ವರ್ಷ ಕೆಲಸ ಬಿಟ್ಟಿರಬಹುದು. ಮದುವೆ, ಬಾಣಂತನ, ಮನೆಯಲ್ಲಿ ಹಿರಿಯರ ಕಾಯಿಲೆ, ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ. ಮುಚ್ಚಿಡಬೇಡಿ, ಹಿಗ್ಗಿಸಲೂಬೇಡಿ. ‘ಮಗುವಿನ ಆರೈಕೆಗಾಗಿ ಮೂರು ವರ್ಷ ಬಿಡುವು ಪಡೆದಿದ್ದೆ’ ಎಂಬ ಒಂದು ಸಾಲು ಸಾಕು. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳುತ್ತೇನೆ, ಇದರಲ್ಲಿ ತಲೆತಗ್ಗಿಸುವಂಥದ್ದು ಏನೂ ಇಲ್ಲ.

ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಯಾವ ಪತ್ರಿಕೆ ಪಾಸಾಗಿದ್ದೀರಿ ಎಂದು ಸರಿಯಾಗಿ ಬರೆಯಿರಿ. ಒಂದರಿಂದ ಐದನೇ ತರಗತಿಗೆ ಒಂದನೇ ಪತ್ರಿಕೆ. ಆರರಿಂದ ಎಂಟಕ್ಕೆ ಎರಡನೇ ಪತ್ರಿಕೆ. ಮೊದಲು ಆ ಪ್ರಮಾಣಪತ್ರಕ್ಕೆ ಏಳು ವರ್ಷದ ಅವಧಿ ಇತ್ತು. ಈಗ ಜೀವಿತಾವಧಿಗೆ ಮಾನ್ಯ. ಹಳೆಯ ಪ್ರಮಾಣಪತ್ರ ಕೆಲಸಕ್ಕೆ ಬಾರದು ಎಂದುಕೊಂಡು ಬಿಟ್ಟವರಿದ್ದರೆ ಹುಡುಕಿ ತೆಗೆದಿಡಿ.

ಭಾಷೆಯ ಬಗ್ಗೆ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡದಲ್ಲಿ, ಇಂಗ್ಲಿಷ್ ಮಾಧ್ಯಮಕ್ಕೆ ಇಂಗ್ಲಿಷಿನಲ್ಲಿ ಬರೆಯಿರಿ. ಇಂಗ್ಲಿಷ್ ನಿಮ್ಮದೇ ಆಗಿರಲಿ. ಸರಳವಾಗಿದ್ದರೆ ತಪ್ಪಿಲ್ಲ. ಮೊಬೈಲಿನಿಂದ ಎತ್ತಿದ ಭಾರಿ ವಾಕ್ಯಗಳನ್ನು ಸಂದರ್ಶನದಲ್ಲಿ ನಿಮಗೇ ಹೇಳಲು ಬರುವುದಿಲ್ಲ. ಕನ್ನಡದಲ್ಲಿ ಬರೆಯುವಾಗ ಅಕಾರ ಹಕಾರ, ಲಕಾರ ಳಕಾರ, ಅಲ್ಪಪ್ರಾಣ ಮಹಾಪ್ರಾಣ ಒಂದೊಂದನ್ನೂ ನೋಡಿ. ‘ವಿದ್ಯಾರ್ಥಿ’ಯ ಒತ್ತು ತಪ್ಪಿಸಿ ಬರೆದವರನ್ನು ಕನ್ನಡ ಮೇಷ್ಟ್ರಾಗಿ ಕರೆಯುವುದು ಹೇಗೆ? ಸ್ವಹಸ್ತಾಕ್ಷರದಲ್ಲಿ ಅರ್ಜಿ ಕೇಳುವ ಶಾಲೆಗಳು ಈಗಲೂ ಇವೆ. ಅದು ಒಳ್ಳೆಯ ಪದ್ಧತಿ ಎಂಬುದು ನನ್ನ ಅಭಿಪ್ರಾಯ. ನಾಳೆ ಕಪ್ಪುಹಲಗೆಯ ಮೇಲೆ ಮಕ್ಕಳು ನೋಡಿ ಬರೆಯುವುದು ಆ ಅಕ್ಷರವನ್ನೇ.

ದಾಖಲೆಗಳ ವಿಷಯದಲ್ಲಿ ಒಂದೇ ಎಚ್ಚರಿಕೆ. ಅರ್ಜಿಗೆ ನಕಲು ಲಗತ್ತಿಸಿ, ಸ್ವಯಂ ದೃಢೀಕರಿಸಿ. ಮೂಲ ಅಂಕಪಟ್ಟಿಯನ್ನು ತೋರಿಸಿ, ವಾಪಸು ತೆಗೆದುಕೊಳ್ಳಿ. ಯಾರು ಕೇಳಿದರೂ ಇಟ್ಟು ಬರಬೇಡಿ.

ಹೇಳಿದ್ದನ್ನು ಒಮ್ಮೆ ಸೇರಿಸುತ್ತೇನೆ. ಒಂದು ಪುಟ. ಹುದ್ದೆಯ ಹೆಸರು ಸ್ಪಷ್ಟವಾಗಿ. ಕಲಿಸಿದ ಒಂದು ಪಾಠ. ಆ ಶಾಲೆಯ ಮಕ್ಕಳ ಬಗ್ಗೆ ತಿಳಿದ ಒಂದು ಮಾತು. ಬೇಡಿಕೆಯಿಲ್ಲ, ಬಡಾಯಿಯಿಲ್ಲ. ಇನ್ನೊಂದು ಮುಖ್ಯ ವಿಷಯ ಉಳಿದಿದೆ. ಬರೆದದ್ದು ನಿಜವಾಗಿರಬೇಕು.

ಯಾಕೆಂದರೆ ಪತ್ರದ ನಂತರ ಡೆಮೊ ಕ್ಲಾಸ್ ಇರುತ್ತದೆ. ಒಳ್ಳೆಯ ಹೆಡ್‌ಮಾಸ್ಟರು ನಿಮ್ಮ ಪತ್ರ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾರೆ. ‘ಆ ಕಡ್ಡಿಯ ಪಾಠ ಬರೆದಿದ್ದೀರಲ್ಲಮ್ಮಾ, ನಮ್ಮ ನಾಲ್ಕನೇ ಕ್ಲಾಸಿಗೆ ಅದನ್ನೇ ಮಾಡಿ ತೋರಿಸಿ.’ ನಿಜವಾಗಿ ಕಲಿಸಿದವಳಿಗೆ ಆ ಮಾತು ಕೇಳಿ ಸಂತೋಷವಾಗುತ್ತದೆ. ತನ್ನ ಅತ್ಯುತ್ತಮ ಪಾಠವನ್ನೇ ಮಾಡು ಎಂದರಲ್ಲ ಎಂದು. ಯಾರದೋ ಪತ್ರ ನೋಡಿ ಬರೆದವಳು ಮೊದಲ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾಳೆ. ಸಿಕ್ಕಿಹಾಕಿಸುವವರು ಹೆಡ್‌ಮಾಸ್ಟರಲ್ಲ, ಮಕ್ಕಳು. ಕಡ್ಡಿ ಬಿಚ್ಚಿದ ಮೇಲೆ ಅವರು ಏನು ಕೇಳುತ್ತಾರೆ ಎಂಬುದು ಯಾವ ಪತ್ರದಲ್ಲೂ ಬರೆದಿರುವುದಿಲ್ಲ. ಆದ್ದರಿಂದ ನನ್ನ ಮಾದರಿಯನ್ನು ದಯವಿಟ್ಟು ಹಾಗೇ ನಕಲು ಮಾಡಬೇಡಿ. ಈ ಮೇ ತಿಂಗಳಲ್ಲಿ ಎಲ್ಲ ಶಾಲೆಗಳಿಗೂ 276ರ ಪತ್ರಗಳೇ ಬಂದರೆ ನನ್ನ ಈ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

ಕೊನೆಯದಾಗಿ ಶಾಲೆ ನಡೆಸುವವರಿಗೆ ಒಂದು ವಿನಂತಿ. ನಿಮ್ಮಲ್ಲೂ ಕೆಲವರು ಈ ಮಾತು ಕೇಳುತ್ತಿರಬಹುದು. ಜಾಹೀರಾತಿನಲ್ಲಿ ‘ಆಕರ್ಷಕ ವೇತನ’ ಎಂದು ಹಾಕುವ ಬದಲು ಎಷ್ಟು ಸಂಬಳ ಎಂದು ಹಾಕಿ. ದೂರದ ಊರಿಂದ ಬಸ್ಸಿಗೆ ಸಾಲ ಮಾಡಿ ಬರುವವರು ಇದ್ದಾರೆ. ‘ನೀವು ಕಲಿಸಿದ ಒಂದು ಪಾಠದ ಬಗ್ಗೆ ಅರ್ಧ ಪುಟ ಬರೆದು ಕಳಿಸಿ’ ಎಂದು ನೀವೇ ಕೇಳಿ. ಬಂದದ್ದನ್ನು ಕೊನೆಯವರೆಗೆ ಓದಿ. ಆಯ್ಕೆಯಾಗದವರಿಗೂ, ಜಾಗ ತುಂಬಿತು ಎಂದು ಮೊಬೈಲಿನಲ್ಲಿ ಒಂದು ಸಾಲು ಹಾಕಿ. ಉತ್ತರವಿಲ್ಲದೆ ಜೂನ್, ಜುಲೈ ಎಂದು ಕಾಯುತ್ತಾ ಬೇರೆ ಶಾಲೆಯ ಅವಕಾಶವನ್ನೂ ಬಿಟ್ಟವರು ಪ್ರತಿ ವರ್ಷ ಇರುತ್ತಾರೆ. ಶಾಲೆ ತೆರೆಯುವ ಮೊದಲೇ ಅವರಿಗೆ ತಿಳಿಸಿ.